ಆರಿಸುವ ಕೆಲಸ

ಹೊಸ ಪುಸ್ತಕಗಳ ಕಪಾಟಿನಿಂದ ಅವನು ಇನ್ನೊಂದನ್ನು ಹೊರಗೆಳೆದು ಅದರ ಹಿಂಬದಿ ತಿರುಗಿಸಿ ಓದಿದ. 'ಅಕಾಲದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು' ಎಂದು ಶುರುವಾಗಿತ್ತು. ಮುಂದೆ ಓದುವ ಅಗತ್ಯ ಬೀಳಲಿಲ್ಲ. ಪಕ್ಕದ ಮೇಜಿನ ಮೇಲಿಟ್ಟ. ಅಲ್ಲಿ ಆಗಲೇ ಒಂದು ಪತ್ತೇದಾರಿ ಕಾದಂಬರಿ ಇತ್ತು, ಮೊದಲ ಪುಟದಲ್ಲೇ ಹೆಣ ಬಿದ್ದದ್ದು. ಯಾರೋ ಈಜುಗಾರನ ಆತ್ಮಕಥೆ ಇತ್ತು, ಪುಟ ತಿರುವಿದಲ್ಲೆಲ್ಲ ಆಸ್ಪತ್ರೆ. ಉಪ್ಪಿನ ಇತಿಹಾಸದ ಬಗ್ಗೆ ಒಂದು ದಪ್ಪ ಪುಸ್ತಕ ಇತ್ತು, ಉಪ್ಪಿನಿಂದ ಯಾರಿಗೆ ಏನು ನೋವಾದೀತು ಎಂದು ತೆರೆದರೆ ಅಲ್ಲೂ ಯುದ್ಧ ನಡೆಯುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಮೊದಲು ಕಿತ್ತು ಹಾಕಿದ್ದು, ಗುಹೆಗಳ ನೀರಿನಲ್ಲಿ ಬದುಕುವ ಕುರುಡು ಮೀನುಗಳ ಬಗ್ಗೆ ಒಬ್ಬ ವಿಜ್ಞಾನಿ ಬರೆದದ್ದು. ಅದನ್ನು ಎತ್ತಿದಾಗ ಕೈ ಸುಟ್ಟ ಹಾಗಾಗಿತ್ತು. ಇಂಥದನ್ನೂ ಬರೆಯುತ್ತಾರಲ್ಲ, ಬರೆದರೆ ಬರೆದುಕೊಳ್ಳಲಿ, ತಂದು ಕಣ್ಣಿಗೆ ಹೊಡೆಯುವ ಹಾಗೆ ಮುಂದೆಯೇ ನಿಲ್ಲಿಸುತ್ತಾರಲ್ಲ ಎಂದು ಸಿಟ್ಟು ಬಂತು.

ಕೈಗೆ ಅಭ್ಯಾಸವಾಗಿದ್ದ ಕೆಲಸ ಇದು. ಬಾಟಲಿ ಕಾರ್ಖಾನೆಯಲ್ಲಿ ಅವನು ಬೆಲ್ಟಿನ ಪಕ್ಕ ನಿಲ್ಲುವವನು. ಬೆಳಕಿನ ಪರದೆಯ ಮುಂದೆ ಬಾಟಲಿಗಳು ಸಾಲಾಗಿ ಸಾಗುತ್ತವೆ. ಗುಳ್ಳೆ ಬಿದ್ದದ್ದು, ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದದ್ದು, ಬಾಯಿ ಸೊಟ್ಟಗಾದದ್ದು ಕಂಡರೆ ಎತ್ತಿ ತೊಟ್ಟಿಗೆ ಹಾಕುತ್ತಾನೆ. ಅದು ಒಡೆಯುವ ಸದ್ದು ಈಗ ಅವನಿಗೆ ಕೇಳಿಸುವುದೂ ಇಲ್ಲ. ಜೊತೆಯವರು ಅವನನ್ನು ಹದ್ದು ಎಂದು ಕರೆಯುತ್ತಾರೆ, ಅವನಿಗೆ ಅದು ಒಳಗೊಳಗೇ ಇಷ್ಟ. ಇಷ್ಟು ವರ್ಷಗಳಲ್ಲಿ ಅವನು ಒಳ್ಳೆಯ ಬಾಟಲಿಯೊಂದನ್ನು ಮುಟ್ಟಿದವನಲ್ಲ. ಅದು ತಾನಾಗಿ ಮುಂದೆ ಹೋಗುತ್ತದೆ, ಅದರ ಗೊಡವೆ ಅವನಿಗಿಲ್ಲ. ಪುಸ್ತಕದ ವಿಷಯದಲ್ಲೂ ಹೀಗೇ ಮಾಡಿದರಾಯಿತು, ಕೆಟ್ಟದ್ದನ್ನೆಲ್ಲ ತೆಗೆದುಹಾಕಿದರೆ ಉಳಿದದ್ದು ಒಳ್ಳೆಯದೇ ಇರಬೇಕಲ್ಲ ಎಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಹೊಳೆದು ಧೈರ್ಯ ಬಂದಿತ್ತು. ಈಗ ಕಪಾಟಿನಲ್ಲಿ ಉಳಿದಿದ್ದವನ್ನು ನೋಡಿದ. ಹೂಕುಂಡಗಳ ಆರೈಕೆ, ಕಾಗದ ಮಡಚಿ ಗೊಂಬೆ ಮಾಡುವುದು, ಮಕ್ಕಳಿಗೆ ಸುಲಭ ಗಣಿತ. ಇವುಗಳಲ್ಲಿ ಯಾವುದನ್ನು ಒಯ್ದು ಹೆಂಡತಿಯ ಮುಂದೆ ಓದುವುದು? ಅವಳು ನಕ್ಕುಬಿಟ್ಟರೆ ಸಾಕಿತ್ತು, ಆದರೆ ಈಚೆಗೆ ಅವಳು ನಗುವುದೂ ಕಡಿಮೆಯಾಗಿತ್ತು.

ಪುಸ್ತಕ ಆರಿಸುವುದು ಯಾವಾಗಲೂ ಹೆಂಡತಿಯ ಖಾತೆ. ಔಷಧಿ ಅಂಗಡಿಯಲ್ಲಿ ಕೆಲಸ ಮುಗಿಸಿ ಬರುವಾಗ ಗ್ರಂಥಾಲಯಕ್ಕೆ ಹೊಕ್ಕು, ಚೀಲದ ತುಂಬ ತರುತ್ತಿದ್ದಳು. ಕಾದಂಬರಿ, ಕೊಲೆ, ಪ್ರವಾಸ, ಇರುವೆಗಳ ಸಂಸಾರ, ಯಾವುದೋ ಕಾಲದ ರಾಣಿಯರ ಜಗಳ, ಅವಳಿಗೆ ಮೇಲು ಕೀಳು ಇರಲಿಲ್ಲ. ಓದಿ ಮುಗಿಸಿ ಅದರಲ್ಲೊಂದನ್ನು ಅವನ ದಿಂಬಿನ ಪಕ್ಕ ಇಡುತ್ತಿದ್ದಳು. 'ಇದು ನಿಮಗೆ ಹಿಡಿಸುತ್ತೆ' ಎನ್ನುವಳು, ಹಿಡಿಸುತ್ತಿತ್ತು. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲನ್ನು ಊರಿನಲ್ಲಿ ಬೇರೆ ಯಾರೂ ಓದಲಾಗದಿದ್ದಾಗ ಅವಳ ಹತ್ತಿರ ಚೀಟಿ ತರುತ್ತಿದ್ದರು. ಅಂಥವಳಿಗೆ ಒಂದು ದಿನ ಚೀಟಿಯ ನಡುವಿನ ಅಕ್ಷರಗಳು ಕಾಣಿಸಲಿಲ್ಲ. ಸುತ್ತಲ ಕಾಗದ ಕಾಣುತ್ತದೆ, ಹಿಡಿದ ಬೆರಳು ಕಾಣುತ್ತದೆ, ನಡುವೆ ಮಾತ್ರ ಯಾರೋ ಒರೆಸಿದ ಹಾಗೆ. ಕಣ್ಣಿನ ಡಾಕ್ಟರು ಇದು ಇಷ್ಟೇ, ಇನ್ನು ಪೂರ್ತಿ ಕತ್ತಲಾಗುವುದಿಲ್ಲ, ಆದರೆ ಓದುವುದನ್ನು ಮರೆತುಬಿಡಿ ಎಂದರು. ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು, ಬದಿಯಿಂದ ನೋಡುವುದು ಹೇಗೆ, ಅಭ್ಯಾಸ ಮಾಡುವುದು ಹೇಗೆ ಎಂದು. ಅವನು ಕೇಳಿಸಿಕೊಂಡಿರಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಲೋಟದ ಅಂಚಿನ ಗುಳ್ಳೆಯೊಂದನ್ನು ನೋಡುತ್ತ ಕೂತಿದ್ದ.

ಆಮೇಲಿಂದ ಅವನು ಓದುವುದು, ಅವಳು ಕೇಳುವುದು ಎಂದಾಯಿತು. ನಾದಿನಿ ತನ್ನ ಅಕ್ಕನ ಫೋನಿಗೆ ಯಾರೋ ಓದಿದ ಕಥೆಗಳನ್ನು ಕಳಿಸಿದ್ದಳು. ಹೆಂಡತಿ ಎರಡು ನಿಮಿಷ ಕೇಳಿ ಆರಿಸಿಬಿಟ್ಟಳು. 'ಆ ಹೆಂಗಸಿನ ದನಿ ಕೇಳ್ತಿದ್ರೆ ರೈಲ್ವೆ ಸ್ಟೇಷನ್ನಲ್ಲಿ ಕೂತ ಹಾಗಾಗುತ್ತೆ. ಈಗ ನನ್ನ ರೈಲು ಎಷ್ಟು ಲೇಟು ಅಂತ ಹೇಳ್ತಾಳೇನೋ ಅನ್ಸುತ್ತೆ. ನೀವೇ ಓದಿ' ಎಂದಳು. ನೀವೇ ಓದಿ ಎಂದದ್ದರಿಂದ ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ ಮರುದಿನ ಬೆಲ್ಟಿನಲ್ಲಿ ಬಿರುಕಿನ ಬಾಟಲಿಯೊಂದು ಕಣ್ತಪ್ಪಿ ಮುಂದೆ ಹೋಗಿತ್ತು. ಆದರೆ ಎರಡು ಪುಸ್ತಕ ಓದಿದರೂ ಎರಡೂ ಅವಳಿಗೆ ಹಿಡಿಸಲಿಲ್ಲ. ಮೊದಲನೆಯದು ಸಪ್ಪೆ ಎಂದಳು. ಎರಡನೆಯದು ಒಂದು ದೊಡ್ಡ ಮನೆಯ ಕಾದಂಬರಿ, ಅದನ್ನು ಅರ್ಧಕ್ಕೆ ನಿಲ್ಲಿಸಿ ಎಂದಳು. ಓದುವಾಗಲೆಲ್ಲ ಅವಳು ಅವನ ಕಡೆ ನೋಡುತ್ತಿರಲಿಲ್ಲ, ಅವನ ಭುಜದ ಆಚೆ ಕಿಟಕಿಯ ಕಡೆ ಮುಖ ಮಾಡಿರುತ್ತಿದ್ದಳು. ಬೇಜಾರಾದ ವಿದ್ಯಾರ್ಥಿನಿ ಮೇಷ್ಟ್ರ ಮುಂದೆ ಕೂರುವ ಹಾಗೆ. ಅದನ್ನು ಅವನು ನುಂಗಿಕೊಂಡಿದ್ದ. ನಿನ್ನೆ ಸಂಜೆ ಅವಳೇ ಮಾತು ತೆಗೆದಳು. 'ಇನ್ನೊಂದೇ ಒಂದು ತನ್ನಿ. ಅದೂ ಹೀಗೇ ಆದ್ರೆ ಸಾಕುಮಾಡೋಣ. ಓದೋದು ನನ್ನ ಹಣೇಲಿ ಇಷ್ಟೇ ಇತ್ತು ಅಂದ್ಕೋತೀನಿ.' ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಸಂಜೆಯ ಆ ಒಂದು ಗಂಟೆ ಹೋದರೆ ಆ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಏನು ಮಾಡುವುದು ಎಂದು ಯೋಚಿಸಿ ಅವನು ನಿದ್ದೆಗೆಟ್ಟಿದ್ದ.

ಪುಸ್ತಕಗಳು ಯಾಕೆ ಸಪ್ಪೆಯಾಗಿದ್ದವು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಓದುತ್ತ ಓದುತ್ತ ಆರಿಸುತ್ತಿದ್ದ. ಕಣ್ಣು ಒಂದು ಸಾಲು ಮುಂದೆ ಓಡುತ್ತಿತ್ತು. ಅಲ್ಲಿ ಕುರುಡು, ಆಪರೇಷನ್ನು, ಸಾವು, 'ಇನ್ನು ಆಸೆ ಇಟ್ಟುಕೊಳ್ಳಬೇಡಿ' ಇಂಥದೇನಾದರೂ ಕಂಡರೆ ಬಾಯಿ ಅದನ್ನು ದಾಟಿಕೊಂಡು ಆಚೆ ದಡದಿಂದ ಓದುತ್ತಿತ್ತು. ಮೊದಮೊದಲು ಪದ, ಆಮೇಲೆ ಸಾಲು, ಆಮೇಲೆ ಪುಟ. ಚಿಕ್ಕಂದಿನಲ್ಲಿ ಅಮ್ಮ ಅಕ್ಕಿಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತು, 'ನಿನ್ನ ಕಣ್ಣು ಚುರುಕು, ನೀನೂ ಒಂದ್ಸಲ ನೋಡಪ್ಪ' ಎಂದು ಅವನ ಮುಂದೆ ಸರಿಸುತ್ತಿದ್ದಳು. ಊಟದಲ್ಲಿ ಕಲ್ಲು ಸಿಕ್ಕಿದರೆ ಅಪ್ಪ ಮಾತಾಡುತ್ತಿರಲಿಲ್ಲ, ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದ. ಅಮ್ಮ ಆ ತಟ್ಟೆಯನ್ನು ನೋಡುತ್ತ ಕೂರುವುದನ್ನು ಅವನು ನೋಡುತ್ತಿದ್ದ. ಅಂದಿನಿಂದ ಅವನಿಗೆ ಪ್ರೀತಿ ಎಂದರೆ ಕಲ್ಲು ಆರಿಸುವುದು ಎಂದೇ ಮನಸ್ಸಿನಲ್ಲಿ ಕೂತಿರಬೇಕು. ಬೇರೆ ಥರದ ಪ್ರೀತಿ ಅವನಿಗೆ ಬರುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

'ಆರಿಸಿ ಆಯ್ತಾ ಸಾರ್?' ಎಂದು ಗ್ರಂಥಪಾಲಕಿ ಹಿಂದಿನಿಂದ ಕೇಳಿದಳು.

'ಆಯ್ತು' ಎಂದ ಅವನು. ಆಗಿತ್ತು. ಕೆಟ್ಟದ್ದೆಲ್ಲ ಮೇಜಿನ ಮೇಲಿತ್ತು, ಇನ್ನು ಉಳಿದದ್ದರಲ್ಲಿ ಒಂದನ್ನು ತೆಗೆದುಕೊಂಡು ಹೋಗುವುದಷ್ಟೇ ಬಾಕಿ. ಕಾಗದದ ಗೊಂಬೆಯೋ ಹೂಕುಂಡವೋ ಎಂದು ಲೆಕ್ಕ ಹಾಕುತ್ತಿರುವಷ್ಟರಲ್ಲಿ ಟಪ್ ಟಪ್ ಎಂದು ಮೊಹರು ಬೀಳುವ ಸದ್ದು ಕೇಳಿ ತಿರುಗಿದ. ಮೇಜಿನ ಮೇಲೆ ಪುಸ್ತಕಗಳಿರಲಿಲ್ಲ. ಗ್ರಂಥಪಾಲಕಿ ಅಷ್ಟನ್ನೂ ಎತ್ತಿಕೊಂಡು ಹೋಗಿ ತನ್ನ ಕೌಂಟರಿನಲ್ಲಿ ತಾರೀಖು ಒತ್ತುತ್ತಿದ್ದಳು. ಕುರುಡು ಮೀನಿಗೂ ಬಿತ್ತು ಒಂದು ಮೊಹರು. ಅವನು ಹತ್ತಿರ ಓಡಿದ. ಅಲ್ಲ ಮೇಡಂ, ಇವು ಬೇಡವೆಂದು ಆರಿಸಿದ್ದು ಎನ್ನಬೇಕು, ಆದರೆ ಹಾಗೆಂದರೆ ಏನರ್ಥ, ಬೇಡದ್ದನ್ನು ಯಾರಾದರೂ ಆರಿಸುತ್ತಾರೆಯೇ, ಹೇಗೆ ಹೇಳಿದರೂ ತಾನು ಪೆದ್ದನ ಹಾಗೆ ಕಾಣುತ್ತೇನೆ ಎಂದು ನಾಲಿಗೆ ತಡವರಿಸಿತು. ಅಷ್ಟರಲ್ಲಿ ಅವಳು ತಲೆಯೆತ್ತಿ ನಕ್ಕಳು.

'ಪರವಾಗಿಲ್ವೇ ಸಾರ್! ಕಥೆ, ಪತ್ತೇದಾರಿ, ವಿಜ್ಞಾನ, ಇತಿಹಾಸ, ಎಲ್ಲ ಥರದ್ದೂ ಇದೆ. ನಿಮ್ಮ ಮನೆಯವರೂ ಹೀಗೇ ಆರಿಸ್ತಿದ್ರು. ಹೋದ ಸಲ ನೀವು ಬಂದಾಗ ಕಪಾಟಿನ ಮುಂದೆ ನಿಂತು ಬೆವರ್ತಿದ್ರಿ, ಪಾಪ. ಈಗ ಪಳಗಿಬಿಟ್ರಿ.'

ಹೊಗಳಿಕೆ ಅವನಿಗೆ ಅಪರೂಪ. ಬೆಲ್ಟಿನ ಪಕ್ಕ ನಿಲ್ಲುವವನನ್ನು ಯಾರೂ ಹೊಗಳುವುದಿಲ್ಲ, ಕಣ್ತಪ್ಪಿದ ದಿನ ಮಾತ್ರ ಕರೆಯುತ್ತಾರೆ. ಅವನ ಕಿವಿ ಬಿಸಿಯಾಯಿತು. 'ಹಾಗೇನಿಲ್ಲ' ಎಂದು ಗೊಣಗಿ ಚೀಲ ಒಡ್ಡಿದ. ಒಂದೊಂದಾಗಿ ಎಲ್ಲ ಒಳಗೆ ಬಿದ್ದವು. ಬಾಗಿಲ ಹೊರಗೆ ಬಂದ ಮೇಲೆ ತಾನು ಮಾಡಿದ್ದೇನೆಂದು ತಿಳಿದು ಮೆಟ್ಟಿಲ ಮೇಲೆ ನಿಂತುಬಿಟ್ಟ. ಹಿಂದೆ ಹೋಗಿ ಹೇಳುವುದು ಈಗಲೂ ಸಾಧ್ಯವಿತ್ತು. ಸೈಕಲ್ಲಿನವನೊಬ್ಬ ದಾರಿ ಬಿಡಿ ಎಂದು ಗದರಿದ. ದಾರಿ ಬಿಟ್ಟ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಂದು ಸಣ್ಣ ಬಾಯಿ ತಪ್ಪಿನಿಂದ, ಅದೂ ಆಯ್ತು ಎಂಬ ಒಂದೇ ಪದದಿಂದ, ತೊಟ್ಟಿಗೆ ಹೋಗಬೇಕಾದ ಮಾಲನ್ನೆಲ್ಲ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೇನೆ ಎಂದುಕೊಂಡ. ಹೋಗಲಿ, ಇವುಗಳನ್ನೂ ಆರಿಸಿ ಓದಿದರಾಯಿತು, ಪತ್ತೇದಾರಿಯಲ್ಲಿ ಹೆಣದ ಬದಲು ಕಳ್ಳತನ ಮಾಡಿಸಬಹುದು ಎಂದು ಸಮಾಧಾನ ಹೇಳಿಕೊಂಡ. ಅಂಥದನ್ನು ಅವನು ಮಾಡಿದ್ದ ಕೂಡ. ದೊಡ್ಡ ಮನೆಯ ಕಾದಂಬರಿಯಲ್ಲಿ ಮೂರನೇ ಅಧ್ಯಾಯದ ಕೊನೆಗೆ ಮನೆಯ ಯಜಮಾನ ಸಾಯುತ್ತಾನೆ. ಆ ಭಾಗವನ್ನು ಹಾರಿಸಿ, ಅದರ ಜಾಗದಲ್ಲಿ 'ಯಜಮಾನರು ಕೆಲಸದ ಮೇಲೆ ದೂರದ ಊರಿಗೆ ಹೊರಟರು' ಎಂದು ತಾನೇ ಒಂದು ವಾಕ್ಯ ಕಟ್ಟಿ ಓದಿದ್ದ. ಜೀವನದಲ್ಲಿ ಅವನು ಕಟ್ಟಿದ ಒಂದೇ ಒಂದು ವಾಕ್ಯ ಅದು. ಪುಸ್ತಕದ ಭಾಷೆಗೆ ಚೆನ್ನಾಗಿ ಹೊಂದಿಕೊಂಡಿತ್ತು ಎಂದು ಸ್ವಲ್ಪ ಹೆಮ್ಮೆಯೂ ಇತ್ತು.

ಹೆಂಡತಿ ಅಡಿಗೆಮನೆಯ ಮೇಜಿನ ಮುಂದೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಚೀಲದ ಸದ್ದಿಗೆ ಕೈ ನಿಲ್ಲಿಸಿದಳು. 'ಇದೇನ್ರೀ, ಒಂದು ತನ್ನಿ ಅಂದ್ರೆ ಅಂಗಡೀನೇ ಹೊತ್ಕೊಂಡು ಬಂದ್ರಾ?' ಎಂದಳು. ಎಷ್ಟೋ ದಿನಗಳ ಮೇಲೆ ಆ ದನಿಯಲ್ಲಿ ಚೇಷ್ಟೆ ಇತ್ತು, ಅದಕ್ಕೇ ಅವನಿಗೆ ಇನ್ನೂ ಹೆದರಿಕೆಯಾಯಿತು. ಪುಸ್ತಕಗಳನ್ನು ತೆಗೆದು ಮಡಚಿದ ಬಟ್ಟೆಯ ಪಕ್ಕ ಇಟ್ಟ. ಅವಳು ಒಂದೊಂದನ್ನೂ ಎತ್ತಿ ತೂಕ ನೋಡಿ, ಬೆನ್ನು ಸವರಿ, ಮೂಗಿಗೆ ಹಿಡಿದು ಕೆಳಗಿಟ್ಟಳು. ಹೊಸ ಪುಸ್ತಕವನ್ನು ಅವಳು ಮೊದಲಿನಿಂದಲೂ ಮೂಸಿಯೇ ತೆರೆಯುತ್ತಿದ್ದವಳು. ಮೀನಿನ ಪುಸ್ತಕ ಕೈಗೆ ಬಂದಾಗ ಅದನ್ನು ಮುಖದ ಮುಂದೆ ಹಿಡಿದು, ಆದರೆ ಅದರ ಕಡೆ ನೋಡದೆ, ಪಕ್ಕದ ಗೋಡೆಯ ಕಡೆ ಮುಖ ತಿರುಗಿಸಿ ಏನೋ ಯೋಚಿಸುವವಳ ಹಾಗೆ ಸುಮಾರು ಹೊತ್ತು ಕೂತಳು.

'ಇದು ಯಾತರದ್ದು?'

'ಅದಾ, ಅದು ಮೀನಿನ ಬಗ್ಗೆ. ಸುಮ್ನೆ. ಬೇರೆ ಓದೋಣ, ಒಂದು ಪತ್ತೇದಾರಿ ಇದೆ.'

'ಇದೇ ಓದಿ' ಎಂದಳು.

ಹೊರಗೆ ಇನ್ನೂ ಬೆಳಕಿತ್ತು. ಕಿಟಕಿಗೆ ಬೆನ್ನು ಮಾಡಿ ಕೂತು ತೆರೆದ. ಅವಳು ಎಂದಿನಂತೆ ಅವನ ಭುಜದ ಆಚೆ ಮುಖ ಮಾಡಿ ಕೂತಳು. ಮೊದಲ ಪುಟ ಗುಹೆಯ ವರ್ಣನೆ, ತೊಂದರೆಯಿರಲಿಲ್ಲ. ಬಂಡೆ, ತೊಟ್ಟಿಕ್ಕುವ ನೀರು, ಹಗ್ಗ ಹಿಡಿದು ಇಳಿಯುವ ವಿಜ್ಞಾನಿ. ಅವನ ದನಿಗೆ ಸ್ವಲ್ಪ ಬಲ ಬಂತು. ಎರಡನೆಯ ಪುಟದಿಂದ ಕಲ್ಲುಗಳು ಶುರುವಾದವು. ಒಂದು ಸಾಲು ಹಾರಿದ, ಇನ್ನೊಂದರ ಅರ್ಧ ನುಂಗಿದ, ಇಡೀ ಪ್ಯಾರಾ ದಾಟಿದ. ಇಡೀ ಪುಸ್ತಕವೇ ಕಣ್ಣಿಲ್ಲದ್ದರ ಬಗ್ಗೆ ಇರುವಾಗ ಅದರಿಂದ ಕಣ್ಣನ್ನು ಆರಿಸಿ ತೆಗೆಯುವುದು ಅವನ ಅಷ್ಟು ವರ್ಷದ ಕಸುಬಿಗೂ ಮೀರಿದ ಕೆಲಸವಾಗಿತ್ತು. 'ಈ ಮೀನುಗಳು ಬೆಳ್ಳಗಿರುತ್ತವೆ. ಇವು... ಇವು ನೀರಿನಲ್ಲಿ ಈಜುತ್ತವೆ. ಇವು ಬಂಡೆಗೆ ಡಿಕ್ಕಿ ಹೊಡೆಯುವುದಿಲ್ಲ' ಎಂದು ಓದಿ, ಹಣೆ ಒರೆಸಿಕೊಂಡ.

'ಯಾಕ್ರೀ ಡಿಕ್ಕಿ ಹೊಡೀಬೇಕು?'

'ಅಂದ್ರೆ?'

'ಮೀನು ಯಾವಾಗಾದ್ರೂ ಬಂಡೆಗೆ ಡಿಕ್ಕಿ ಹೊಡೆಯುತ್ತಾ? ಹೊಡೆಯಲ್ಲ ಅಂತ ಬರಿಯೋಕೆ ಒಬ್ಬ ವಿಜ್ಞಾನಿ ಬೇಕಾ?'

ಅವನು ಪುಟ ತಿರುವಿದ ಹಾಗೆ ಮಾಡಿದ. ಮುಂದೆ ಏನಿದೆಯೋ ನೋಡೋಣ ಎಂದ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅದರ ವಾಷರು ಬದಲಾಯಿಸಬೇಕೆಂದು ವಾರದಿಂದ ಅಂದುಕೊಳ್ಳುತ್ತಿದ್ದ.

'ಆ ಮೀನಿಗೆ ಕಣ್ಣಿಲ್ಲ' ಎಂದಳು ಹೆಂಡತಿ. 'ರಟ್ಟಿನ ಮೇಲಿನ ಚಿತ್ರದಲ್ಲೇ ಇಲ್ವಲ್ಲ. ಕಣ್ಣಿರಬೇಕಾದ ಕಡೆ ಬರೀ ಚರ್ಮ ಇದೆ.'

'ನೀನು ಅದನ್ನ ನೋಡ್ಲಿಲ್ಲ. ಗೋಡೆ ನೋಡ್ತಿದ್ದೆ' ಎಂದ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗಿತ್ತು ತನ್ನ ದನಿ, ಅವನಿಗೇ ನಾಚಿಕೆಯಾಯಿತು.

'ನೇರ ನೋಡಿದ್ರೆ ಕಾಣಲ್ಲ ಕಣ್ರೀ. ನಡುವೆ ತೂತು ಅಲ್ವಾ. ಪಕ್ಕಕ್ಕೆ ನೋಡಿದ್ರೆ ಬದೀಲಿ ಕಾಣುತ್ತೆ. ಅಕ್ಷರ ಸಿಗಲ್ಲ, ಚಿತ್ರ ಸಿಗುತ್ತೆ. ಡಾಕ್ಟರು ಹೇಳ್ಲಿಲ್ವಾ, ನೀವೂ ಪಕ್ಕದಲ್ಲೇ ಕೂತಿದ್ರಲ್ಲ.' ಟವೆಲೊಂದನ್ನು ಎತ್ತಿಕೊಂಡು ಕೇಳಿದಳು. 'ದೊಡ್ಡ ಮನೆ ಕಾದಂಬರಿಯಲ್ಲಿ ಆ ಯಜಮಾನ ಎಲ್ಲಿಗೆ ಹೋದ?'

'ದೂರದ ಊರಿಗೆ.'

'ಸತ್ನಾ?'

ಕಾರ್ಖಾನೆಯ ಹದ್ದು ಪುಸ್ತಕ ಮುಚ್ಚಿದ. 'ಸತ್ತ' ಎಂದ.

'ಯಾವಾಗ?'

'ಮೂರನೇ ಅಧ್ಯಾಯದಲ್ಲಿ.'

ಅವಳು ನಗುತ್ತಾಳೆ ಎಂದುಕೊಂಡಿದ್ದ. ತುಟಿ ನಗುವಿಗೆ ಹೊರಟೂ ಇತ್ತು. ಆದರೆ ಕೈಯಲ್ಲಿದ್ದ ಟವೆಲನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. 'ನಾನು ಅವನು ಬರ್ತಾನೆ ಅಂತ ಕಾಯ್ತಾ ಇದ್ದೆ. ಆ ಹೆಂಗಸು ಯಾಕೆ ಹೊಲಿಗೆ ಕೆಲಸಕ್ಕೆ ಸೇರಿದ್ಲು, ಮಗ ಯಾಕೆ ಅವಳ ಜೊತೆ ಮಾತಾಡಲ್ಲ, ಗಂಡನ ಅಂಗಿ ಯಾಕೆ ಬೇರೆಯವರಿಗೆ ಕೊಟ್ಲು, ಒಂದೂ ತಿಳೀಲಿಲ್ಲ. ಎಲ್ಲೋ ಕೇಳಿಸಿಕೊಂಡು ಮರೆತೆ ಅಂದ್ಕೊಂಡೆ. ಹಿಂದಿನ ಪುಸ್ತಕದಲ್ಲೂ ಹಾಗೇ ಆಗಿತ್ತಲ್ಲ. ಒಂದಕ್ಕೊಂದು ಸೇರ್ತಾನೇ ಇರ್ಲಿಲ್ಲ.' ಟವೆಲನ್ನು ಮೇಜಿನ ಮೇಲಿಟ್ಟಳು. 'ಕಣ್ಣು ಹೋಯ್ತು ಸರಿ, ಈಗ ಬುದ್ಧೀನೂ ಹೋಗ್ತಾ ಇದೆ ಅಂತ ಹೆದರಿಬಿಟ್ಟಿದ್ದೆ ಕಣ್ರೀ. ತಂಗಿಗೂ ಹೇಳ್ಲಿಲ್ಲ. ಅದಕ್ಕೇ ಓದೋದೇ ಬೇಡ ಅಂದಿದ್ದು. ಓದಿದ್ರೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೆ.'

ಬೆಲ್ಟಿನಲ್ಲಿ ಬಿರುಕಿನ ಬಾಟಲಿ ಮುಂದೆ ಹೋದರೆ ಯಾರದೋ ಮನೆಯಲ್ಲಿ ಯಾರದೋ ಕೈ ಕೊಯ್ಯುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನು. ತಾನು ಎತ್ತಿಹಾಕಿದ್ದು ಎಲ್ಲಿ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಪ್ರತಿ ಸಂಜೆ ಅವಳ ಎದುರು ಕೂತು, ಅವಳ ಕಥೆಗಳಿಂದ ಒಂದೊಂದೇ ತುಂಡು ತೆಗೆದು, ಆ ತೂತುಗಳು ಅವಳ ತಲೆಯಲ್ಲೇ ಆಗುತ್ತಿವೆ ಎಂದು ಅವಳು ನಂಬುವ ಹಾಗೆ ಮಾಡಿದ್ದ. ತಪ್ಪಾಯ್ತು ಎನ್ನಲು ಬಾಯಿ ತೆರೆದರೆ ಅದೂ ಸಪ್ಪೆಯಾಗಿ ಕೇಳಿಸುತ್ತದೆ ಎನಿಸಿತು.

'ನಿನಗೆ ನೋವಾಗಬಾರದು ಅಂತ' ಎಂದಷ್ಟೇ ಹೇಳಿದ.

'ಗೊತ್ತು. ಅಮ್ಮನ ಅಕ್ಕಿ ತಟ್ಟೆ ನಂಗೆ ಎಷ್ಟು ಸಲ ಹೇಳಿದೀರ ನೀವು. ನಾನು ನಿಮ್ಮ ಅಪ್ಪ ಅಲ್ಲ. ಕಲ್ಲು ಸಿಕ್ರೆ ಎದ್ದು ಹೋಗಲ್ಲ, ತೆಗೆದು ಪಕ್ಕಕ್ಕಿಟ್ಟು ತಿಂತೀನಿ. ನನ್ನ ಹಲ್ಲು, ನನ್ನ ಊಟ.' ದನಿ ಈಗ ನಿಜವಾಗಿಯೂ ಗಡುಸಾಗಿತ್ತು, ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾತ್ರೆ ಕೇಳುವವರ ಜೊತೆ ಮಾತಾಡುತ್ತಿದ್ದ ದನಿ. ಅದನ್ನು ಕೇಳಿ ಅವನಿಗೆ ಸಂತೋಷವಾಯಿತು, ಆಗಬಾರದಿತ್ತು, ಆದರೂ ಆಯಿತು.

'ಸರಿ, ಶುರುವಿಂದ ಓದ್ತೀನಿ. ಒಂದಕ್ಷರ ಬಿಡಲ್ಲ' ಎಂದು ಮೀನಿನ ಪುಸ್ತಕ ತೆರೆದ.

'ಮೀನು ಎಲ್ಲೂ ಹೋಗಲ್ಲ, ಆಮೇಲೆ ಓದೋಣ. ಮೊದಲು ಆ ಯಜಮಾನನ್ನ ಸಾಯಿಸಿ.'

'ಆ ಪುಸ್ತಕ ವಾಪಸ್ ಕೊಟ್ಟಾಯ್ತಲ್ಲ.'

'ನೀವು ಓದಿದೀರಲ್ಲ. ಬಿಡೋಕೆ ಮುಂಚೆ ಓದ್ಲೇಬೇಕಲ್ಲ ನೀವು. ಹೇಳಿ.'

ನಿಜ. ಬಿಟ್ಟದ್ದನ್ನೆಲ್ಲ ಅವನೊಬ್ಬನೇ ಓದಿದ್ದ. ಓದಿ ಹೇಳಿದ್ದು ಯಾವುದೂ ಈಗ ನೆನಪಿರಲಿಲ್ಲ, ಬಿಟ್ಟದ್ದೆಲ್ಲ ಅಕ್ಷರ ಅಕ್ಷರ ನೆನಪಿತ್ತು. ಪುಸ್ತಕವನ್ನು ಬಟ್ಟೆಗಳ ಪಕ್ಕ ಇಟ್ಟು, ಬರಿಗೈಯಲ್ಲಿ ಕೂತು ಶುರುಮಾಡಿದ. ಬೆಳಿಗ್ಗೆ ಯಜಮಾನ ಎದ್ದ, ಹೆಂಡತಿ ಕಾಫಿ ಕೊಟ್ಟಳು, ಆರಿಸಿ ಕುಡಿಯುತ್ತೇನೆ ಎಂದು ಲೋಟ ಕಿಟಕಿಯ ಮೇಲಿಟ್ಟ ಎಂದ. ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದವನು ಅಲ್ಲೇ ಕೂತ, ಅವಳು ಒಳಗಿಂದ ಏನೋ ಕೇಳಿದಳು, ಅವನು ಉತ್ತರ ಕೊಡಲಿಲ್ಲ, ಇವನು ಯಾವಾಗಲೂ ಹೀಗೇ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಎಂದು ಅವಳು ಬೈದುಕೊಂಡಳು ಎಂದ. ಆಮೇಲೆ ಲೋಟ ನೋಡಿದಳು, ಅದು ಪೂರ್ತಿ ತಣ್ಣಗಾಗಿತ್ತು ಎಂದ. ಪುಸ್ತಕ ಕೈಯಲ್ಲಿ ಇರಲಿಲ್ಲ, ಹಾರಿಸಲು ಮುಂದೆ ಸಾಲು ಇರಲಿಲ್ಲ. ನಿಲ್ಲಿಸಿ ಮೂಗು ಒರೆಸಿಕೊಂಡ. ಅಳುವುದನ್ನು ಅವಳು ನೋಡಬಾರದೆಂದು ತಲೆ ತಗ್ಗಿಸಲು ಹೋದವನು, ನೋಡಲಾರಳು ಎಂದುಕೊಂಡು ಹಾಗೇ ಬಿಟ್ಟ.

'ಹೂಂ, ಆಮೇಲೆ?' ಎಂದಳು ಅವಳು.

ಅವನು ಅವಳ ಕಡೆ ನೋಡಿದ. ಅವಳು ಅವನ ಭುಜದ ಆಚೆ, ಕಿಟಕಿಯ ಕಡೆ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವನನ್ನೇ ನೋಡುತ್ತಿದ್ದಳು.